ಜಾಕ್ಸನ್ ಬೀದಿಯ ಆ ಪುಟ್ಟ ಮನೆ

ಅರವತ್ತು ದಾಟಿದ ಹೆಂಗಸು ಅಮೆರಿಕಾಕ್ಕೆ ಮಗಳ ಮನೆಗೆ ಹೋದರೆ ನಯಾಗರಾ ನೋಡಬೇಕು, ದೇವಸ್ಥಾನ ನೋಡಬೇಕು, ದೊಡ್ಡ ದೊಡ್ಡ ಅಂಗಡಿಗಳಲ್ಲಿ ಸುತ್ತಿ ಮಂಡಿ ನೋಯಿಸಿಕೊಳ್ಳಬೇಕು. ಇದು ನಮ್ಮೂರ ಕಡೆಯ ಶಾಸ್ತ್ರ. ಷಿಕಾಗೋದಲ್ಲಿರುವ ಮಗಳು, "ಇನ್ನೊಂದೇ ಭಾನುವಾರ ಉಳಿದಿದೆ, ಎಲ್ಲಿಗೆ ಹೋಗೋಣಮ್ಮಾ?" ಎಂದು ಕೇಳಿದಾಗ ನಾನು "ಗ್ಯಾರಿ" ಎಂದೆ. ಅಳಿಯಂದಿರು ಕಾಫಿ ಲೋಟವನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. "ಅಲ್ಲೇನಿದೆ ಅತ್ತೇ? ಅರ್ಧ ಊರೇ ಖಾಲಿಯಾಗಿದೆಯಂತೆ." "ಮೈಕೆಲ್ ಜಾಕ್ಸನ್ ಬೆಳೆದ ಮನೆಯಿದೆ" ಎಂದೆ.

ನೀವೂ ನಗುತ್ತಿದ್ದೀರಿ ಅಲ್ಲವೇ? ನಗಿ, ಪರವಾಗಿಲ್ಲ. ನಾನು ಮದುವೆಯಾಗಿ ಭದ್ರಾವತಿಗೆ ಬಂದದ್ದು 1984ರಲ್ಲಿ. ನನ್ನ ತಮ್ಮ ಬೆಂಗಳೂರಿನಿಂದ ಬಂದವನು 'ಥ್ರಿಲ್ಲರ್' ಕ್ಯಾಸೆಟ್ಟನ್ನು ನಮ್ಮ ಮನೆಯಲ್ಲಿ ಮರೆತು ಹೋದ. ಯಜಮಾನರು ಕಾರ್ಖಾನೆಗೆ ಪಾಳಿಗೆ ಹೋದ ಮೇಲೆ, ಚಪಾತಿ ಲಟ್ಟಿಸುತ್ತಾ ಅದನ್ನು ಹಾಕಿಕೊಳ್ಳುತ್ತಿದ್ದೆ. ಒಂದು ಮಾತೂ ಅರ್ಥವಾಗುತ್ತಿರಲಿಲ್ಲ. ಆದರೆ ಆ ದನಿ ನನ್ನನ್ನು ಹಿಡಿದುಬಿಟ್ಟಿತು. ಕುಣಿಸುವ ತಾಳದ ಒಳಗೇ ಎಲ್ಲೋ ಒಂದು ಎಳೆ ಅಳು. "ಅದೇನೇ ಅದು, ಬೆಕ್ಕಿನ ಬಾಲ ತುಳಿದ ಹಾಗೆ!" ಎಂದು ಅತ್ತೆಯವರು ಹಿತ್ತಲಿನಿಂದ ಕೂಗುತ್ತಿದ್ದರು. ನಾನು ದನಿ ತಗ್ಗಿಸುತ್ತಿದ್ದೆ, ನಿಲ್ಲಿಸುತ್ತಿರಲಿಲ್ಲ. ನಾನೂ ಸಂಗೀತ ಕಲಿಯಬೇಕೆಂದು ಆಸೆಪಟ್ಟವಳೇ. "ಹಾಡು ಅನ್ನ ಹಾಕುತ್ತದೆಯೇ?" ಎಂದು ನಮ್ಮಪ್ಪ ಒಂದೇ ಮಾತಿನಲ್ಲಿ ಮುಗಿಸಿದ್ದರು. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಷಿಕಾಗೋದಿಂದ ಗ್ಯಾರಿಗೆ ಸುಮಾರು ಒಂದು ಗಂಟೆಯ ದಾರಿ. ಮಗಳು ಕಾರು ಓಡಿಸುತ್ತಿದ್ದಳು, ಪಕ್ಕದಲ್ಲಿ ನಾನು. ಅಳಿಯಂದಿರು ಮಗುವನ್ನು ನೋಡಿಕೊಳ್ಳುವ ನೆಪ ಹೇಳಿ ತಪ್ಪಿಸಿಕೊಂಡಿದ್ದರು. ಊರು ಹತ್ತಿರವಾದಂತೆ ಮಿಶಿಗನ್ ಸರೋವರದ ದಂಡೆಯಲ್ಲಿ ಉಕ್ಕಿನ ಕಾರ್ಖಾನೆಯ ಚಿಮಣಿಗಳು ಕಂಡವು. ನನಗೆ ಒಂದು ಕ್ಷಣ ಭದ್ರಾವತಿಗೇ ಬಂದೆನೇನೋ ಅನ್ನಿಸಿತು. ನಮ್ಮಲ್ಲಿ ವಿಶ್ವೇಶ್ವರಯ್ಯನವರ ಕನಸಿನ ಕಾರ್ಖಾನೆ 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಮೇಲೆ ಊರು ಬೆಳೆಯಿತು. ಇಲ್ಲಿ 1906ರಲ್ಲಿ ಉಕ್ಕಿನ ಕಂಪನಿಯೊಂದು ಮರಳುದಿಬ್ಬಗಳ ಮೇಲೆ ಊರನ್ನೇ ಹುಟ್ಟಿಸಿತು. ಕಂಪನಿಯ ಹಿರಿಯ ಎಲ್ಬರ್ಟ್ ಗ್ಯಾರಿಯ ಹೆಸರನ್ನೇ ಇಟ್ಟಿತು. 1960ರಲ್ಲಿ ಇಲ್ಲಿ 1,78,320 ಜನರಿದ್ದರು. 2020ರ ಗಣತಿಯಲ್ಲಿ ಉಳಿದವರು 69,093. ಹೊರದೇಶದ ಉಕ್ಕು ಬಂತು, ಯಂತ್ರಗಳು ಬಂದವು, ಕೆಲಸ ಕಡಿಮೆಯಾಯಿತು. ಕರಿಯರ ಪಕ್ಕದಲ್ಲಿ ಬಾಳಲೊಲ್ಲದ ಬಿಳಿಯರು ಬೇರೆ ಊರುಗಳಿಗೆ ಹೋದರು. ಪೇಟೆಯ ನಡುವೆ 1926ರ ದೊಡ್ಡ ಕಲ್ಲಿನ ಚರ್ಚು ಮಾಡು ಕುಸಿದು ನಿಂತಿತ್ತು; ಒಳಗೆ ಗಿಡಗಳು ಬೆಳೆದಿದ್ದವು. ಪಾಳಿಯ ಸೈರನ್ನಿಗೆ ಅನ್ನ ಬೇಯಿಸಿ ಬಾಳಿದವಳಿಗೆ ಇಂಥ ಊರಿನ ಮೌನ ಬೇಗ ತಿಳಿಯುತ್ತದೆ.

ಮನೆಯ ವಿಳಾಸ 2300, ಜಾಕ್ಸನ್ ಬೀದಿ. ಬೀದಿಗೆ ಆ ಹೆಸರು ಇವರಿಂದ ಬಂದದ್ದಲ್ಲ, ಹಿಂದೊಬ್ಬ ಅಧ್ಯಕ್ಷನಿಂದ ಬಂದದ್ದು. ಮನೆ ಎಷ್ಟು ಚಿಕ್ಕದೆಂದರೆ, ನಮ್ಮ ಕಾರ್ಖಾನೆಯ ಕ್ವಾರ್ಟರ್ಸೇ ವಾಸಿ ಅನ್ನಬೇಕು! ಎರಡು ಮಲಗುವ ಕೋಣೆಗಳು. ಅಪ್ಪ, ಅಮ್ಮ, ಒಂಬತ್ತು ಮಕ್ಕಳು. ಗಂಡುಮಕ್ಕಳಿಗೆ ಒಂದರ ಮೇಲೊಂದು ಮೂರು ಅಂತಸ್ತಿನ ಮಂಚ. ಬಾಗಿಲು ಮುಚ್ಚಿತ್ತು. ಅಂಗಳದಲ್ಲಿ 2010ರಲ್ಲಿ ನಿಲ್ಲಿಸಿದ ಕಪ್ಪು ಕಲ್ಲಿನ ಸ್ಮಾರಕ, ಅದರ ಬುಡದಲ್ಲಿ ಯಾರೋ ಇಟ್ಟುಹೋದ ಬಾಡಿದ ಹೂವು. ನಾವಿಬ್ಬರೇ ಇದ್ದೆವು.

ಆ ಮನೆಯ ಯಜಮಾನ ಜೋಸೆಫ್ ಜಾಕ್ಸನ್ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದ. ತಾನೂ ಹಾಡುಗಾರನಾಗಬೇಕೆಂದು ಒಂದು ಸಣ್ಣ ವಾದ್ಯತಂಡ ಕಟ್ಟಿಕೊಂಡಿದ್ದ, ಅದು ಕೈಹತ್ತಲಿಲ್ಲ. ಅವನ ಗಿಟಾರನ್ನು ಮಗನೊಬ್ಬ ಕದ್ದು ನುಡಿಸುತ್ತಿದ್ದು, ತಂತಿ ಹರಿದು ಸಿಕ್ಕಿಬಿದ್ದ. ಸಿಟ್ಟಿಗೆದ್ದ ಅಪ್ಪ "ಎಲ್ಲಿ, ನುಡಿಸು ನೋಡೋಣ" ಎಂದನಂತೆ. ಅಲ್ಲಿಂದ ಮಕ್ಕಳಿಗೆ ದಿನವೂ ಸಾಧನೆ. ಅಪ್ಪ ಕೈಯಲ್ಲಿ ಬೆಲ್ಟು ಹಿಡಿದು ಎದುರಿಗೆ ಕೂರುತ್ತಿದ್ದ, ಹೆಜ್ಜೆ ತಪ್ಪಿದರೆ ಏಟು ಬೀಳುತ್ತಿತ್ತು ಎಂದು ಮೈಕೆಲ್ ದೊಡ್ಡವನಾದ ಮೇಲೆ ಹೇಳಿಕೊಂಡ. 1969ರಲ್ಲಿ ಅವರ ಮೊದಲ ದೊಡ್ಡ ಹಾಡು ಬಂದಾಗ ಅವನಿಗೆ ಹನ್ನೊಂದು ವರ್ಷ. ಧ್ವನಿಮುದ್ರಣದ ಕಟ್ಟಡದೆದುರು ಮಕ್ಕಳು ಆಡುವುದನ್ನು ಕಂಡು ಅಳು ಬರುತ್ತಿತ್ತು ಎಂದೂ ಹೇಳಿದ್ದಾನೆ. ಅಪ್ಪನನ್ನು ಕೇಳಿದರೆ, ಬೆತ್ತದಲ್ಲಿ, ಬೆಲ್ಟಿನಲ್ಲಿ ಕೊಟ್ಟದ್ದುಂಟು, ಆದರೆ ಅದು 'ಹೊಡೆತ' ಅಲ್ಲ ಎಂದ.

ಆ ಮಾತನ್ನು ಮೊದಲ ಸಲ ಓದಿದಾಗ ನನ್ನ ಮೈ ಜುಮ್ಮೆಂದಿತ್ತು. ಏಕೆಂದರೆ ಅದು ನನ್ನದೇ ಮಾತು.

1995ರ ಗಣಪತಿ ಹಬ್ಬ. ಕಾಲೊನಿಯ ಪೆಂಡಾಲಿನಲ್ಲಿ ಮಕ್ಕಳ ಹಾಡಿನ ಸ್ಪರ್ಧೆ. ಒಂಬತ್ತು ವರ್ಷದ ಮಗಳು ಒಂದೇ ಜಾಗದಲ್ಲಿ ಮೂರು ಸಲ ಸ್ವರ ತಪ್ಪಿದಳು. ನಾನು ಬೀಸಣಿಗೆಯ ಹಿಡಿಯಿಂದ ಅವಳ ಬೆರಳ ಗೆಣ್ಣಿನ ಮೇಲೆ ಬಾರಿಸಿದೆ. ಮರುದಿನ ಮೊದಲ ಬಹುಮಾನ ಬಂತು, ಒಂದು ಸ್ಟೀಲ್ ಡಬ್ಬಿ. "ನೋಡಿದಿರಾ? ದಂಡಂ ದಶಗುಣಂ!" ಎಂದು ನೆರೆಹೊರೆಯವರೆದುರು ನಕ್ಕೆ. "ಹೊಡೆಯೋದೇನು, ಸುಮ್ಮನೆ ತಟ್ಟಿದೆ ಅಷ್ಟೆ" ಎಂದೂ ಸೇರಿಸಿದೆ. ಎಸ್ಸೆಸ್ಸೆಲ್ಸಿ ಮುಗಿದ ದಿನ ಅವಳು ಶ್ರುತಿಪೆಟ್ಟಿಗೆಯನ್ನು ಅಟ್ಟದ ಮೇಲಿಟ್ಟಳು. ಆಮೇಲೆ ಅವಳು ಹಾಡಿದ್ದನ್ನು ನಾನು ಕೇಳಿಲ್ಲ. ಡಬ್ಬಿಯಲ್ಲಿ ಇವತ್ತಿಗೂ ಸಾಸಿವೆ ಹಾಕಿಡುತ್ತೇನೆ.

ಈಗ ಆ ಬಾಗಿಲು ಮುಚ್ಚಿದ ಮನೆಯೆದುರು ನಿಂತು ನನ್ನನ್ನು ನಾನೇ ಕೇಳಿಕೊಂಡೆ. ಆ ಅಪ್ಪ ಹಾಗಿರದಿದ್ದರೆ ನನ್ನ ಅಡಿಗೆಮನೆಗೆ ಆ ಹಾಡು ಬರುತ್ತಿತ್ತೇ? ಐದು ಹುಡುಗರೂ ಕಾರ್ಖಾನೆಗೇ ಹೋಗುತ್ತಿದ್ದರೇನೋ. ಹಾಗಾದರೆ ನಾನು ಕೇಳಿ ಸುಖಪಟ್ಟದ್ದರಲ್ಲಿ ಆ ಬೆಲ್ಟಿಗೂ ಒಂದು ಪಾಲಿದೆಯೇ? ನಾವು ತಾಯಂದಿರು ಬಹಳ ಇಷ್ಟಪಡುವ ವಾದ ಇದು. ಫಲ ಚೆನ್ನಾಗಿ ಬಂದರೆ ಕೈಯ ತಪ್ಪು ಮಾಫಿ! ರ‍್ಯಾಂಕು ಬಂದರೆ ಬೈದದ್ದೆಲ್ಲ ಆಶೀರ್ವಾದ.

ಆದರೆ ಲೆಕ್ಕ ಕೂಡುವುದಿಲ್ಲ. ಅದೇ ಮನೆ, ಅದೇ ಅಪ್ಪ, ಒಂಬತ್ತು ಮಕ್ಕಳು. ಕಿರಿಯ ಮಗಳು ಜಾನೆಟ್ ಕೂಡ ದೊಡ್ಡ ಹೆಸರು ಮಾಡಿದಳು, ನಿಜ. ಆದರೂ ಮೈಕೆಲ್ ಒಬ್ಬನೇ ಮೈಕೆಲ್ ಆದ. ಏಟಿನಿಂದ ಕಲೆ ಬರುವುದಾಗಿದ್ದರೆ ನಮ್ಮ ಊರೂರಿನ ಶಾಲೆಗಳಿಂದ ಎಷ್ಟು ಮಂದಿ ಗಂಧರ್ವರು ಹೊರಬರಬೇಕಿತ್ತು! ಗೆದ್ದ ಒಬ್ಬನ ಮನೆಯ ಮುಂದೆ ಕಲ್ಲು ನಿಲ್ಲಿಸುತ್ತೇವೆ. ಹೆದರಿ ಹಾಡು ಬಿಟ್ಟವರಿಗೆ ಎಲ್ಲಿಯೂ ಕಲ್ಲಿಲ್ಲ, ಅವರನ್ನು ಎಣಿಸುವವರೂ ಇಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಮೈಕೆಲ್ ಮೇಲೆ ಮಕ್ಕಳ ವಿಷಯದಲ್ಲೇ ಘೋರ ಆಪಾದನೆಗಳು ಬಂದವು. 2005ರಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯದಲ್ಲಿ ಅವನು ನಿರ್ದೋಷಿಯೆಂದು ತೀರ್ಪಾಯಿತು. 2009ರಲ್ಲಿ ಅವನು ತೀರಿಕೊಂಡ. 2019ರ ಸಾಕ್ಷ್ಯಚಿತ್ರವೊಂದರಲ್ಲಿ ಇಬ್ಬರು ಗಂಡಸರು ತಮ್ಮ ಬಾಲ್ಯದ ಕಥೆ ಹೇಳಿದರು. ಅವನ ಮನೆಯವರು ಅದನ್ನು ಅಲ್ಲಗಳೆದರು. ತೀರ್ಪು ಕೊಡಲು ನಾನು ಯಾರು? ಆದರೆ ಅವನಿಗಾಗಿ ಮರುಗುವ ಮನಸ್ಸು, ಬೇರೆ ಮಕ್ಕಳು ನೋವು ಹೇಳಿಕೊಂಡಾಗ ಕಿವಿ ಮುಚ್ಚಿಕೊಂಡರೆ ಅದು ಮರುಕವಲ್ಲ, ಬರೀ ಅಭಿಮಾನ. ಬಾಲ್ಯ ಸುಟ್ಟವನು ಎಂಬುದು ಯಾರಿಗೂ ರಹದಾರಿಯಲ್ಲ. ಅವನಿಗೂ ಅಲ್ಲ, ಅವನ ಅಪ್ಪನಿಗೂ ಅಲ್ಲ, ಸಂಗೀತ ಸಿಗದ ನನಗೂ ಅಲ್ಲ.

2001ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಾತನಾಡುತ್ತಾ ಮೈಕೆಲ್ ತನ್ನ ಅಪ್ಪನನ್ನು ನೆನೆದ. ಒಮ್ಮೆ ಜಾತ್ರೆಯಲ್ಲಿ ಅಪ್ಪ ತನ್ನನ್ನು ಎತ್ತಿ ಕುದುರೆಮರಿಯ ಮೇಲೆ ಕೂರಿಸಿದ್ದು, ತನಗಿಷ್ಟವೆಂದು ಅಡಿಗೆಮನೆಯಲ್ಲಿ ಸದ್ದಿಲ್ಲದೆ ಸಿಹಿತಿಂಡಿಯ ಪೊಟ್ಟಣ ಇಟ್ಟುಹೋಗುತ್ತಿದ್ದದ್ದು. ಬಡತನದಲ್ಲಿ ಬೆಳೆದು ಉಕ್ಕಿನ ಕಾರ್ಖಾನೆಯಲ್ಲಿ ದುಡಿದವನಿಗೆ ಪ್ರೀತಿ ತೋರಿಸಲು ಬರಲಿಲ್ಲ, ನಾನು ಅವನನ್ನು ಕ್ಷಮಿಸಬೇಕೆಂದಿದ್ದೇನೆ ಎಂದ. ಅದನ್ನು ಹೇಳುವ ಅಧಿಕಾರ ಅವನಿಗಿತ್ತು, ಏಟು ತಿಂದವನು ಅವನು. ಹಾಡು ಕೇಳಿ ಸುಖಪಟ್ಟ ನಮಗೆ ಆ ಅಧಿಕಾರವಿಲ್ಲ. ಹೊಡೆದವರಿಗಂತೂ ಮೊದಲೇ ಇಲ್ಲ. ಹಾಡಿಗೆ ಋಣಿಯಾಗಿರುವುದು ಒಂದು ಖಾತೆ, ಏಟಿನ ಲೆಕ್ಕ ಇನ್ನೊಂದು ಖಾತೆ. ಒಂದರ ಲಾಭವನ್ನು ಇನ್ನೊಂದರ ಸಾಲಕ್ಕೆ ಜಮಾ ಮಾಡುವಂತಿಲ್ಲ.

ವಾಪಸು ಬರುವಾಗ ಮಗಳು ನನಗೆಂದು ಮೈಕೆಲನ ಹಳೆಯ ಹಾಡು ಹಾಕಿದಳು, ಹನ್ನೊಂದು ವರ್ಷದ ಹುಡುಗ ಹಾಡಿದ್ದು. ಕೇಳಲು ಈಗಲೂ ಎಷ್ಟು ಚೆನ್ನ! ಅದೇ ನನ್ನ ಸಂಕಟ. ಹಾಡು ಮುಗಿದ ಮೇಲೆ ಮೂವತ್ತು ವರ್ಷ ಬಾಯಲ್ಲೇ ಇಟ್ಟುಕೊಂಡಿದ್ದ ಮಾತನ್ನು ಆಡಿದೆ. "ಪುಟ್ಟೀ, ಅವತ್ತು ನಾನು ಹೊಡೆದದ್ದು ತಪ್ಪು ಕಣೇ."

ಅವಳು ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: "ಯಾವತ್ತಮ್ಮಾ?"

ವ್ಯಂಗ್ಯವಿರಲಿಲ್ಲ, ಸಿಟ್ಟೂ ಇರಲಿಲ್ಲ. ನಿಜವಾಗಿಯೂ ಕೇಳಿದಳು. ನನ್ನ ನೆನಪಿನಲ್ಲಿ ಉಳಿದಿದ್ದದ್ದು ಒಂದೇ ದಿನ, ಬಹುಮಾನ ಬಂದ ದಿನ. ಬಹುಮಾನ ಬಾರದ ದಿನಗಳೆಲ್ಲ ಅವಳ ಬಳಿಯೇ ಇದ್ದವು.

ಷಿಕಾಗೋ ಬರುವವರೆಗೆ ಅವಳು ಒಂದೊಂದಾಗಿ ಹೇಳಿದಳು. ನಾನು ನಡುವೆ ಒಂದು ಸಲವೂ "ಅದಲ್ಲ ಕಣೇ" ಅನ್ನಲಿಲ್ಲ. ಸುಮ್ಮನೆ ಕೇಳಿದೆ.