ಹದ ಮೀರಿದ ನೆರವು

ಒಳ್ಳೆಯ ಕಾರ್ಯಕ್ಕೆ ಕಾಲದ ಕಟ್ಟು ಉಂಟೆ ಎಂಬುದು ನೀತಿವಿಚಾರದಲ್ಲಿ ಹಳೆಯ ಪ್ರಶ್ನೆ. ಸತ್ಯವನ್ನು ಇಂದು ನುಡಿದರೂ ಸತ್ಯವೇ, ನಾಳೆ ನುಡಿದರೂ ಸತ್ಯವೇ. ಸಾಲವನ್ನು ಗಡುವು ಮೀರಿ ತೀರಿಸಿದವನು ಬಡ್ಡಿಯನ್ನು ಸೇರಿಸಿ ಕೊಟ್ಟರೆ ಋಣಮುಕ್ತನಾಗುತ್ತಾನೆ. ಆದರೆ ಹಸಿದು ಬಾಗಿಲಿಗೆ ಬಂದವನಿಗೆ ಎಂಟು ದಿನ ಕಳೆದ ಮೇಲೆ ಬಡಿಸುವ ಅನ್ನಕ್ಕೆ ಏನು ಹೆಸರು? ಅಂಥ ಅನ್ನಕ್ಕೆ ಎಷ್ಟು ತುಪ್ಪ ಸುರಿದರೂ ಹೋದ ಎಂಟು ದಿನಗಳ ಹಸಿವು ಹಿಂದಕ್ಕೆ ಬಂದು ತಣಿಯುವುದಿಲ್ಲ. ಕೆಲವು ಕರ್ತವ್ಯಗಳಲ್ಲಿ ಕಾಲವು ಹೊರಗಿನಿಂದ ಹೇರಿದ ನಿಬಂಧನೆಯಾಗಿರದೆ ಕರ್ತವ್ಯದ ಜೀವವೇ ಆಗಿರುತ್ತದೆ. ಋತುವನ್ನು ನಂಬಿ ಬೆಳೆಯುವ ರೈತನಿಗೆ ಸರ್ಕಾರವು ಸಲ್ಲಿಸಬೇಕಾದ ನೆರವು ಇಂಥ ಕರ್ತವ್ಯಗಳ ಸಾಲಿಗೆ ಸೇರಿದುದೆಂಬುದನ್ನು ಸದ್ಭಕ್ತರ ಮುಂದಿಡುವುದು ಈ ಲೇಖನದ ಉದ್ದೇಶ.

ಮಾತು ಗಾಳಿಯಲ್ಲಿ ಹೋಗದಿರಲೆಂದು ನಮಗೆ ಪರಿಚಿತವಾದ ಸೀಮೆಯನ್ನೇ ತೆಗೆದುಕೊಳ್ಳೋಣ. ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳಿವೆ. ಕರ್ನಾಟಕವನ್ನು ಕೃಷಿ ಹವಾಮಾನದ ದೃಷ್ಟಿಯಿಂದ ಹತ್ತು ವಲಯಗಳಾಗಿ ವಿಂಗಡಿಸಿದಾಗ ಈ ನಾಲ್ಕೂ ತಾಲ್ಲೂಕುಗಳು ಮಧ್ಯ ಒಣ ವಲಯಕ್ಕೆ ಸೇರಿದವು. ಈ ವಲಯದ ವಾರ್ಷಿಕ ಮಳೆ ಸುಮಾರು 450ರಿಂದ 720 ಮಿಲಿಮೀಟರ್. ಅದರಲ್ಲಿ ದೊಡ್ಡ ಪಾಲು ಸುರಿಯುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ, ಅಂದರೆ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಯ ದಿನಗಳಲ್ಲಿ. ಬಿತ್ತನೆಯನ್ನೋ ಜೂನ್, ಜುಲೈ ತಿಂಗಳುಗಳ ಮೃಗಶಿರ, ಆರಿದ್ರಾ, ಪುನರ್ವಸು ಮಳೆಗಳನ್ನು ನಂಬಿ ಮಾಡಬೇಕು. ಬಿತ್ತುವ ಮಳೆಗೂ ಬೆಳೆಸುವ ಮಳೆಗೂ ನಡುವೆ ಎಷ್ಟು ದಿನಗಳ ಬಿಸಿಲು ಬರುವುದೆಂದು ಯಾವ ಪಂಚಾಂಗವೂ ನಿಶ್ಚಯವಾಗಿ ಹೇಳಲಾರದು. ಇಲ್ಲಿನ ಕೆಂಪು ಮರಳುಮಣ್ಣು ನೀರನ್ನು ಬಹುಕಾಲ ಹಿಡಿದಿಡುವುದಿಲ್ಲ. ಒಂದು ಹದಮಳೆ ಬಿದ್ದರೆ ಕೂರಿಗೆ ಹೂಡಲು ಎರಡು ಮೂರು ದಿನಗಳ ಅವಕಾಶವಷ್ಟೇ ಸಿಗುತ್ತದೆ. ಆ ದಿನಗಳಲ್ಲಿ ಬೀಜ ಮನೆಯಲ್ಲಿರಬೇಕು, ಎತ್ತೋ ಟ್ರ್ಯಾಕ್ಟರೋ ಕೈಗೆ ಸಿಗಬೇಕು, ಗೊಬ್ಬರಕ್ಕೆ ಹಣವಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಹದ ಕಾಯುವುದಿಲ್ಲ.

ಈ ಸೀಮೆಯ ಮುಖ್ಯ ವಾಣಿಜ್ಯ ಬೆಳೆ ಕಡಲೆಕಾಯಿ. ಅದರ ಸ್ವಭಾವವನ್ನು ಬಲ್ಲವರಿಗೆ ಬೀಜದ ಪ್ರಶ್ನೆ ಎಷ್ಟು ಗಹನವಾದುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಎಕರೆ ರಾಗಿಗೆ ನಾಲ್ಕೈದು ಕಿಲೋ ಬೀಜ ಸಾಕು. ಬಡವನೂ ಅದನ್ನು ಮಡಕೆಯಲ್ಲಿಟ್ಟು ಕಾಪಾಡಬಲ್ಲ. ಎಕರೆ ಕಡಲೆಕಾಯಿಗೆ ನಲವತ್ತು ಐವತ್ತು ಕಿಲೋ ಸುಲಿದ ಬೀಜ ಬೇಕು. ಸುಲಿದ ಬೀಜ ಬಹುದಿನ ಮೊಳಕೆಯ ಶಕ್ತಿಯನ್ನು ಉಳಿಸಿಕೊಳ್ಳದು. ಹಿಂದಿನ ವರ್ಷ ಬೆಳೆ ಸೋತಿದ್ದರೆ ಬೀಜಕ್ಕೆಂದು ತೆಗೆದಿರಿಸಿದ ಕಾಯಿಯೂ ಸಂತೆಗೆ ಹೋಗಿರುತ್ತದೆ. ಹೀಗಾಗಿ ಒಂದು ವರ್ಷದ ಬರವು ಮರುವರ್ಷದ ಬೀಜವನ್ನೂ ತಿಂದುಹಾಕುತ್ತದೆ. ಹೋಬಳಿಗೊಂದರಂತೆ ಸ್ಥಾಪಿತವಾದ ರೈತ ಸಂಪರ್ಕ ಕೇಂದ್ರಗಳ ಮೂಲಕ ಸರ್ಕಾರ ರಿಯಾಯಿತಿ ದರದಲ್ಲಿ ಬೀಜ ವಿತರಿಸುವುದು ಈ ಕಾರಣದಿಂದ ಅತ್ಯಂತ ಯೋಗ್ಯವಾದ ಕ್ರಮ. ಆದರೆ ಅದೇ ಬೀಜ ಆರಿದ್ರೆಯ ಹದ ಕಳೆದು ಹತ್ತು ದಿನಗಳಾದ ಮೇಲೆ ಲಾರಿಯಿಂದ ಇಳಿದರೆ? ದಾಖಲೆಯಲ್ಲಿ ಗುರಿ ಸಾಧಿತವಾಯಿತೆಂದು ಬರೆಯಬಹುದು. ತೂಕ ಸರಿ, ದರ ಸರಿ, ಸಹಿ ಸರಿ. ರೈತನಾದರೋ ಅಷ್ಟರಲ್ಲಿ ವರ್ತಕನಿಂದ ಸಾಲದ ಬೀಜ ತಂದು ಬಿತ್ತಿರುತ್ತಾನೆ, ಇಲ್ಲವೆ ಹೊಲವನ್ನು ಬೀಳು ಬಿಟ್ಟಿರುತ್ತಾನೆ.

ಇಲ್ಲಿಯೇ ನೀತಿಯ ಸೂಕ್ಷ್ಮವಿದೆ. ನೌಕರನ ಸಂಬಳ ತಡವಾದರೆ ಬಾಕಿಯೆಂದು ಒಟ್ಟಿಗೆ ಕೊಡಬಹುದು. ಹದಕ್ಕೆ ಬಾಕಿ ಎಂಬುದಿಲ್ಲ. ಹೋದ ಜುಲೈ ತಿಂಗಳನ್ನು ಮುಂದಿನ ಫೆಬ್ರವರಿಯಲ್ಲಿ ಯಾರೂ ಪಾವತಿ ಮಾಡಲಾರರು. ಆದ್ದರಿಂದ ತಡವಾದ ನೆರವನ್ನು ಅರ್ಧ ನೆರವೆಂದು ಲೆಕ್ಕ ಹಾಕುವುದು ತಪ್ಪು. ಅದು ಬೇರೊಂದು ವಸ್ತುವೇ ಆಗಿಬಿಡುತ್ತದೆ. ಬಿತ್ತನೆಗೆ ಮುಂಚೆ ಬಂದಿದ್ದರೆ ಬಂಡವಾಳವಾಗುತ್ತಿದ್ದ ಹಣ, ಆಮೇಲೆ ಬಂದಾಗ ಬಡ್ಡಿ ಕಟ್ಟುವ ಹಣವಾಗುತ್ತದೆ.

ಈಚಿನ ಒಂದು ವರ್ಷದ ಲೆಕ್ಕವನ್ನು ನೋಡೋಣ. 2023ರ ಮುಂಗಾರು ಸೋತಾಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ಸೆಪ್ಟೆಂಬರ್ ತಿಂಗಳಲ್ಲಿ ರಾಜ್ಯವು ಕೇಂದ್ರಕ್ಕೆ ಮನವಿ ಸಲ್ಲಿಸಿತು. 2024ರ ಜನವರಿಯಲ್ಲಿ ರಾಜ್ಯವು ರೈತರಿಗೆ ತಲಾ 2,000 ರೂಪಾಯಿವರೆಗಿನ ಮೊದಲ ಕಂತನ್ನು ನೀಡಿತು. ಮಾರ್ಚ್ ತಿಂಗಳಲ್ಲಿ ವಿಷಯ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಏಪ್ರಿಲ್ ಕೊನೆಯಲ್ಲಿ ಸುಮಾರು 3,450 ಕೋಟಿ ರೂಪಾಯಿ ಕೇಂದ್ರದಿಂದ ಬಿಡುಗಡೆಯಾಯಿತು. ತಪ್ಪು ದೆಹಲಿಯದೋ ಬೆಂಗಳೂರಿನದೋ ಎಂಬ ವಾದ ರಾಜಕೀಯದ ವೇದಿಕೆಗೆ ಸೇರಿದ್ದು. ಅದನ್ನು ಅಲ್ಲಿಗೇ ಬಿಡೋಣ. ಜೂನ್‌ನಲ್ಲಿ ಬಿತ್ತಿ ಕಳೆದುಕೊಂಡವನಿಗೆ ಪೂರ್ಣ ಪರಿಹಾರ ಕೈಸೇರುವ ಹೊತ್ತಿಗೆ ಮುಂದಿನ ಮುಂಗಾರಿನ ಮೋಡಗಳೇ ಕಾಣಿಸಿಕೊಳ್ಳುವಂತಾದುದು ಮಾತ್ರ ನಮಗೆ ಪ್ರಕೃತ. ಆ ಹನ್ನೊಂದು ತಿಂಗಳು ಆ ಸಂಸಾರ ಏನನ್ನು ಉಂಡಿತು, ಯಾರಲ್ಲಿ ಕೈಚಾಚಿತು, ಯಾವ ಎತ್ತನ್ನು ಮಾರಿತು ಎಂಬುದು ಯಾವ ಕಡತದಲ್ಲಿಯೂ ನಮೂದಾಗುವುದಿಲ್ಲ.

ಬೆಳೆವಿಮೆಯ ಕಥೆಯೂ ವಿಚಾರಾರ್ಹ. ಹೊಲಹೊಲವನ್ನೂ ಅಳೆದು ನಷ್ಟ ಕಟ್ಟುವುದು ಅಸಾಧ್ಯವೆಂದೂ, ಒಂದು ಪ್ರದೇಶದ ಸರಾಸರಿ ಇಳುವರಿಯನ್ನೇ ಆಧಾರವಾಗಿ ಹಿಡಿಯಬೇಕೆಂದೂ ಅರ್ಥಶಾಸ್ತ್ರಜ್ಞ ವಿ.ಎಂ. ದಾಂಡೇಕರರು 1976ರಲ್ಲಿ ವಾದಿಸಿದರು. 1985ರ ಸಮಗ್ರ ಬೆಳೆವಿಮೆ ಆ ದಾರಿಯನ್ನೇ ಹಿಡಿಯಿತು. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯೂ ಅದೇ ದಾರಿಯಲ್ಲಿ ನಡೆದಿದೆ. ಮುಂಗಾರಿನ ಆಹಾರ ಮತ್ತು ಎಣ್ಣೆಕಾಳು ಬೆಳೆಗಳಿಗೆ ರೈತ ಕಟ್ಟಬೇಕಾದ ಕಂತು ವಿಮಾ ಮೊತ್ತದ ನೂರಕ್ಕೆ ಎರಡು. ಉಳಿದುದನ್ನು ಕೇಂದ್ರ, ರಾಜ್ಯಗಳು ಭರಿಸುತ್ತವೆ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯತಿಯೇ ಘಟಕ. ಬೆಳೆ ಕಟಾವು ಪ್ರಯೋಗಗಳಿಂದ ದೊರೆತ ಸರಾಸರಿ ನಿಗದಿತ ಮಟ್ಟಕ್ಕಿಂತ ಕೆಳಗಿಳಿದರೆ ಪರಿಹಾರ. ಈ ಸರಾಸರಿಯಲ್ಲಿ ಒಬ್ಬೊಬ್ಬನಿಗೆ ಅನ್ಯಾಯವಾಗುವುದು ನಿಜ, ಆದರೂ ಬೇರೆ ಸುಲಭ ಮಾರ್ಗವಿಲ್ಲವೆಂದು ಒಪ್ಪಬಹುದು. ಒಪ್ಪಲಾಗದುದು ವಿಳಂಬ. 2018ರಲ್ಲಿ ಪರಿಷ್ಕೃತವಾದ ಮಾರ್ಗಸೂಚಿಯು ಗಡುವು ಮೀರಿ ಪರಿಹಾರ ಕೊಡುವ ವಿಮಾ ಕಂಪನಿಯೂ, ತನ್ನ ಪಾಲಿನ ಕಂತನ್ನು ತಡಮಾಡುವ ರಾಜ್ಯವೂ ನೂರಕ್ಕೆ ಹನ್ನೆರಡರ ಬಡ್ಡಿ ತೆರಬೇಕೆಂದು ವಿಧಿಸಿತು. ಕಾಲ ಮೀರುವುದು ದೋಷವೆಂದು ಶಾಸನವೇ ಒಪ್ಪಿಕೊಂಡಿತೆಂಬುದು ಸಂತೋಷದ ಸಂಗತಿ. ಆದರೂ ನೂರಕ್ಕೆ ಹನ್ನೆರಡು ಹದದ ಬೆಲೆಯಾಗಲಾರದು. ಹಳ್ಳಿಯಲ್ಲಿ ಕೈಸಾಲದ ಬಡ್ಡಿ ಎಷ್ಟೆಂಬುದನ್ನು ಬಲ್ಲವರಿಗೆ ಈ ಮಾತು ತಿಳಿಯುತ್ತದೆ.

ವಿಳಂಬದ ಹೊರೆ ಎಲ್ಲರ ಮೇಲೂ ಸಮನಾಗಿ ಬೀಳುತ್ತದೆಯೆ? ಇಲ್ಲ. ಕೊಳವೆಬಾವಿಯಿದ್ದು ಅಡಿಕೆಯ ತೋಟವಿರುವವನು ಆರು ತಿಂಗಳು ಕಾಯಬಲ್ಲ. ಎರಡೆಕರೆ ಒಣಭೂಮಿಯವನು ಆರು ದಿನ ಕಾಯಲಾರ. ಬೆಂಬಲ ಬೆಲೆಯನ್ನು ನೋಡಿ: 2025-26ನೆಯ ಸಾಲಿಗೆ ಕಡಲೆಕಾಯಿಗೆ ಕ್ವಿಂಟಲಿಗೆ 7,263 ರೂಪಾಯಿ ನಿಗದಿಯಾಯಿತು. ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ಬಡವನು ಕಾಯಿಯನ್ನು ಕಣದಲ್ಲಿಯೇ ಸಾಲಗಾರನಿಗೆ ಅಳೆದುಕೊಟ್ಟಿದ್ದರೆ ಆ ಬೆಲೆಯ ಫಲ ಯಾರಿಗೆ ಸಂದಿತು? ತಡವೆಂಬುದು ಬಡವನ ಕೈಯಿಂದ ಕಿತ್ತು ಉಳ್ಳವನ ಕೈಗೆ ಕೊಡುವ ಒಂದು ಗುಪ್ತ ವರ್ಗಾವಣೆ. ಯಾರೂ ಕದ್ದಿರುವುದಿಲ್ಲ, ಆದರೂ ಕಳವು ನಡೆದಿರುತ್ತದೆ.

ಕಾಲಕ್ಕೆ ಸರಿಯಾಗಿ ಬರುವ ಹಣದ ಬೆಲೆಯೇನೆಂಬುದನ್ನು ಪಾವಗಡದ ರೈತರು ಬೇರೊಂದು ರೀತಿಯಲ್ಲಿ ತೋರಿಸಿಕೊಟ್ಟಿದ್ದಾರೆ. ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆ ಭೂಮಿ ಸೌರ ವಿದ್ಯುತ್ ಉದ್ಯಾನಕ್ಕೆ ಗುತ್ತಿಗೆಯಾಗಿ ಹೋಯಿತು. 2018ರಲ್ಲಿ ಅದರ ಮೊದಲ ಹಂತ ಉದ್ಘಾಟನೆಗೊಂಡಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯೆಂದು ಆರಂಭದ ಗುತ್ತಿಗೆ ನಿಗದಿಯಾಗಿತ್ತು. ತಲೆಮಾರುಗಳಿಂದ ಉತ್ತ ನೆಲವನ್ನು ಬಿಟ್ಟುಕೊಟ್ಟವರನ್ನು ಆಲಸಿಗಳೆಂದು ಜರೆಯುವುದು ಸುಲಭ. ಮಳೆಯ ಅನಿಶ್ಚಯಕ್ಕೆ ನೆರವಿನ ಅನಿಶ್ಚಯವೂ ಸೇರಿದಾಗ ನಿಶ್ಚಯವಾದ ಗುತ್ತಿಗೆಯತ್ತ ಮನಸ್ಸು ವಾಲಿದುದರಲ್ಲಿ ಆಶ್ಚರ್ಯವೇನು? ಆದರೆ ಆ ಹೊಲಗಳಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಬದುಕುತ್ತಿದ್ದ ಭೂಹೀನರ ಹೆಸರಿನಲ್ಲಿ ಪಹಣಿ ಇರಲಿಲ್ಲ. ಅವರಿಗೆ ಗುತ್ತಿಗೆಯೂ ಇಲ್ಲ. ಒಣಬೇಸಾಯ ಹಿಂದೆ ಸರಿದಾಗ ಮೊದಲು ಬೀದಿಗೆ ಬೀಳುವವರು ಅವರೇ.

ಇಷ್ಟು ಹೇಳಿದ ಮೇಲೆ ಎರಡು ಆಕ್ಷೇಪಗಳಿಗೆ ಉತ್ತರ ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಸಾರ್ವಜನಿಕರ ಹಣವನ್ನು ಪರಿಶೀಲಿಸದೆ ಹಂಚಲಾಗದು, ಪರಿಶೀಲನೆಗೆ ಸಮಯ ಬೇಕು ಎಂಬುದು ಮೊದಲನೆಯದು. ಇದು ಸತ್ಯ. ಬಿತ್ತದ ಬೆಳೆಗೆ ವಿಮೆ ಪಡೆಯುವವರೂ, ಇಲ್ಲದ ನಷ್ಟವನ್ನು ತೋರಿಸುವವರೂ ಇದ್ದಾರೆ. ಅವರು ನೆರೆಯ ಪ್ರಾಮಾಣಿಕನ ಪರಿಹಾರವನ್ನು ತಡಮಾಡಿಸುವ ಪಾಪಕ್ಕೆ ಭಾಗಿಗಳು. ಆದರೆ ಪರಿಶೀಲನೆಗೆ ಬೇಕಾದ ವಿಳಂಬ ಬೇರೆ, ಮೇಜಿನ ಮೇಲೆ ಸುಮ್ಮನೆ ಮಲಗಿದ ಕಡತದ ವಿಳಂಬ ಬೇರೆ. ಮೊದಲನೆಯದು ಎಚ್ಚರ, ಎರಡನೆಯದು ಉದಾಸೀನ. ಎಚ್ಚರದ ಹೆಸರು ಹೇಳಿ ಉದಾಸೀನವನ್ನು ಸಮರ್ಥಿಸಲಾಗದು.

ಮಳೆಯೇ ಅನಿಶ್ಚಿತವಾಗಿರುವಾಗ ಸರ್ಕಾರ ಹೇಗೆ ಮುಂಚಿತವಾಗಿ ಸಿದ್ಧವಾಗಬೇಕು ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಉತ್ತರ ನಮ್ಮ ಮಠಗಳ ಅಡುಗೆಮನೆಯಲ್ಲಿಯೇ ಇದೆ. ಇಂದು ಎಷ್ಟು ಜನ ಬರುವರೆಂದು ದಾಸೋಹದ ಮನೆಯವರಿಗೆ ತಿಳಿದಿರುವುದಿಲ್ಲ. ಆದರೂ ಪಂಕ್ತಿ ಕುಳಿತ ಮೇಲೆ ಒಲೆ ಹಚ್ಚುವ ದಾಸೋಹವನ್ನು ಯಾರಾದರೂ ಕಂಡಿದ್ದಾರೆಯೆ? ಬರುವವರ ಸಂಖ್ಯೆ ಅನಿಶ್ಚಿತ, ಹಸಿವು ನಿಶ್ಚಿತ. ಹಾಗೆಯೇ ಯಾವ ವರ್ಷ ಮಳೆ ಕೈಕೊಡುವುದೆಂಬುದು ಅನಿಶ್ಚಿತ. ಈ ಸೀಮೆಗೆ ಬರ ಮತ್ತೆ ಮತ್ತೆ ಬರುವುದೆಂಬುದು ನಿಶ್ಚಿತ. ನಿಶ್ಚಿತವಾದುದಕ್ಕೆ ಸಿದ್ಧವಾಗದಿರುವವನು ಅನಿಶ್ಚಯವನ್ನು ನೆಪ ಮಾಡಬಾರದು. ಜುಲೈ ಕಳೆದರೂ ಮಳೆ ಬಾರದಿದ್ದರೆ ಹುರುಳಿ, ಅಲಸಂದೆ, ಅಲ್ಪಾವಧಿಯ ರಾಗಿಯ ಬೀಜ ಎಲ್ಲಿಂದ ಎಷ್ಟು ಬರಬೇಕೆಂಬುದನ್ನು ಏಪ್ರಿಲ್‌ನಲ್ಲಿಯೇ ತೀರ್ಮಾನಿಸಿ ಇಡಬಹುದು. ಜಿಲ್ಲೆಗೊಂದು ಬದಲಿ ಬೆಳೆ ಯೋಜನೆ ಕಾಗದದ ಮೇಲೆ ಸಿದ್ಧವಿದೆ. ಕೊರಟಗೆರೆ ತಾಲ್ಲೂಕಿನ ಡಿ. ನಾಗೇನಹಳ್ಳಿಯಲ್ಲಿ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವು 2011ರಲ್ಲಿ ಆರಂಭವಾದ ರಾಷ್ಟ್ರೀಯ ಹವಾಮಾನ ಕಾರ್ಯಕ್ರಮದಡಿ ಕೆಲಸ ಮಾಡಿತು. ಕೃಷಿಹೊಂಡಗಳು, ಊರಿನವರೇ ಬಾಡಿಗೆಗೆ ಪಡೆಯಬಹುದಾದ ಬಿತ್ತನೆಯ ಸಲಕರಣೆಗಳು, ಊರಿನವರದೇ ಒಂದು ಸಮಿತಿ: ಹದವನ್ನು ಕಳೆದುಕೊಳ್ಳದಿರಲು ಇಂಥ ಸರಳ ಸಿದ್ಧತೆಗಳು ಎಷ್ಟು ನೆರವಾಗಬಲ್ಲವೆಂಬುದಕ್ಕೆ ಆ ಊರು ಹತ್ತಿರದ ಉದಾಹರಣೆ.

ನಮ್ಮ ನಾಡು ಈ ಪಾಠವನ್ನು ಬಹು ದೊಡ್ಡ ಬೆಲೆ ತೆತ್ತು ಕಲಿತಿದೆ. 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸೀಮೆಯ ಐದರಲ್ಲಿ ಒಂದು ಪಾಲು ಜನ ನಾಶವಾದರೆಂಬ ಅಂದಾಜಿದೆ. 1871ರಲ್ಲಿ ಐವತ್ತು ಲಕ್ಷ ಮೀರಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ ನಲವತ್ತೆರಡು ಲಕ್ಷದಷ್ಟಕ್ಕೆ ಇಳಿದಿತ್ತು. ಆ ದುರಂತದ ಬಳಿಕ ರಚಿತವಾದ ಕ್ಷಾಮ ಸಂಹಿತೆಗಳ ಸಾರವೆಂದರೆ ಜನರು ಊರು ಬಿಟ್ಟು ಹೊರಡುವ ಮುನ್ನವೇ ಚಿಹ್ನೆಗಳನ್ನು ಗುರುತಿಸಿ ಕೆಲಸ ಆರಂಭಿಸಬೇಕೆಂಬುದು. ಇಂದು ಹಸಿವಿನಿಂದ ಅಂಥ ಸಾವುಗಳಿಲ್ಲವೆಂಬುದು ಸ್ವತಂತ್ರ ಭಾರತದ ಹೆಮ್ಮೆ. ಆದರೆ ಪ್ರಾಣ ಉಳಿದ ಮಾತ್ರಕ್ಕೆ ಕರ್ತವ್ಯ ಮುಗಿಯದು. ಬೇಸಾಯವೂ ಉಳಿಯಬೇಕು, ಬೇಸಾಯಗಾರನ ಮಾನವೂ ಉಳಿಯಬೇಕು.

ಮಾನದ ಮಾತು ಬಂದುದರಿಂದ ಕೊನೆಯದಾಗಿ ಒಂದು ವಿಚಾರ. ನೆರವನ್ನು ಪಡೆಯುವವನು ಯಾಚಕನೆಂಬ ಭಾವನೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ರೈತನು ಬಿತ್ತುವಾಗ ತನ್ನ ಸಂಸಾರದ ಜತೆಗೆ ಎಂದೂ ಕಾಣದ ಪಟ್ಟಣಿಗರ ಊಟದ ಹೊಣೆಯನ್ನೂ ಹೊರುತ್ತಾನೆ, ಅದರ ಅಪಾಯವನ್ನು ಒಬ್ಬನೇ ಹೊರುತ್ತಾನೆ. ಆ ಅಪಾಯದಲ್ಲಿ ಸಮಾಜ ತನ್ನ ಪಾಲನ್ನು ಹೊತ್ತುಕೊಳ್ಳುವುದು ದಾನವಾಗದು, ಅದು ಪಾಲುಗಾರಿಕೆ. ದಾನಿಯು ತನಗೆ ಬಿಡುವಾದಾಗ ಕೊಡಬಹುದು. ಪಾಲುಗಾರನು ಕೆಲಸ ನಡೆಯುವಾಗ ಹಾಜರಿರಬೇಕು. ಕಾಯಕವನ್ನು ಪೂಜೆಯ ಎತ್ತರಕ್ಕೆ ಏರಿಸಿದ ಪರಂಪರೆಯಲ್ಲಿ ಬೆಳೆದ ನಮಗೆ ಈ ಭೇದ ಸುಲಭವಾಗಿ ತಿಳಿಯಬೇಕು.

ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಕಂದಾಯ, ಕೃಷಿ, ಸಹಕಾರ ಇಲಾಖೆಗಳಲ್ಲಿಯೂ ಬ್ಯಾಂಕುಗಳಲ್ಲಿಯೂ ಹೊಣೆಯ ಸ್ಥಾನಗಳಲ್ಲಿದ್ದಾರೆ. ಅವರು ಹಾಸ್ಟೆಲಿನಲ್ಲಿ ಉಂಡ ರಾಗಿಮುದ್ದೆ ಇಂಥ ಯಾವುದೋ ಒಣಹೊಲದ ಕೊಡುಗೆ. ಯೋಜನೆಗಳನ್ನು ಬದಲಿಸುವ ಅಧಿಕಾರ ಅವರೆಲ್ಲರಿಗೂ ಇಲ್ಲದಿರಬಹುದು. ಆದರೆ ಮುಂದಿರುವ ಬೀಜದ ಬೇಡಿಕೆಪಟ್ಟಿಯನ್ನು, ಬೆಳೆ ಕಟಾವಿನ ವರದಿಯನ್ನು, ಸಾಲದ ಅರ್ಜಿಯನ್ನು ಇಂದೇ ನೋಡಿ ಇಂದೇ ಕಳುಹಿಸುವ ಅಧಿಕಾರ ಪ್ರತಿಯೊಬ್ಬರಿಗೂ ಇದೆ. ಕಡತದ ಮೇಲಿನ ದಿನಾಂಕವನ್ನು ಬರೆಯುವಾಗ ಇದು ಯಾವ ಮಳೆ, ಹೊಲದಲ್ಲಿ ಈಗ ಏನು ನಡೆದಿದೆ ಎಂದು ಒಂದು ಕ್ಷಣ ನೆನೆದರೆ, ಆ ಸಹಿಯೂ ಬಿತ್ತನೆಯ ಒಂದು ಭಾಗವೇ ಆಗುತ್ತದೆ.