ಮುಚ್ಚಿದ ಬಾಗಿಲೂ ಏಳನೆಯ ದಿವಸವೂ

ಆಧಾರ: ಯಾಜಕಕಾಂಡ 13ನೇ ಅಧ್ಯಾಯ, 4ರಿಂದ 6ನೇ ವಚನದ ವರೆಗೆ



ವೇದಪುಸ್ತಕವನ್ನು ಕ್ರಮವಾಗಿ ಓದುವವರಲ್ಲಿ ಅನೇಕರು ಈ ಅಧ್ಯಾಯಕ್ಕೆ ಬಂದಾಗ ಬೇಗ ಬೇಗನೆ ಹಾಳೆ ತಿರುವುತ್ತಾರೆ. ಬಾವು, ಬೊಕ್ಕೆ, ರೋಮದ ಬಣ್ಣ, ಇವುಗಳಿಂದ ಆತ್ಮಕ್ಕೆ ಏನು ಪ್ರಯೋಜನವೆಂದು ಅವರು ಎಣಿಸುತ್ತಾರೆ. ಆದರೆ ಇಲ್ಲಿ ದೇವರು ತನ್ನ ಜನರಿಗೆ ಕಲಿಸಿದ ಒಂದು ದಯೆಯ ಕ್ರಮವು ಅಡಗಿದೆ. ಅದೇನಂದರೆ, ಒಬ್ಬನ ಚರ್ಮದ ಮೇಲೆ ಸಂಶಯದ ಮಚ್ಚೆ ಕಂಡರೆ ಯಾಜಕನು ಅವನನ್ನು ಏಳು ದಿವಸ ಪ್ರತ್ಯೇಕವಾಗಿ ಇಡಬೇಕು. ಏಳನೆಯ ದಿವಸ ಅದೇ ಯಾಜಕನು ಅವನನ್ನು ಕಣ್ಣಾರೆ ನೋಡಬೇಕು. ಮಚ್ಚೆ ಹರಡದೆ ನಿಂತಿದ್ದರೆ ಇನ್ನೂ ಏಳು ದಿವಸ ಇರಿಸಿ ತಿರಿಗಿ ನೋಡಬೇಕು. ಅದು ಮಾಸಿಹೋಗಿದ್ದರೆ ಆ ಮನುಷ್ಯನು ತನ್ನ ಬಟ್ಟೆಗಳನ್ನು ಒಗೆದುಕೊಂಡು ತನ್ನವರ ಬಳಿಗೆ ಹೋಗಬಹುದು.

ಈ ಅಧ್ಯಾಯವನ್ನು ಹಿಡಿದು ಯಾರೂ ಯಾವ ರೋಗಿಯನ್ನೂ ಹೀನೈಸಬಾರದು. ಅಲ್ಲಿ ಹೇಳಿರುವದು ಈಗ ನಾವು ಕುಷ್ಠವೆಂದು ಕರೆಯುವ ಒಂದೇ ರೋಗವಲ್ಲ, ಹಲವು ವಿಧವಾದ ಚರ್ಮರೋಗಗಳು; ಕುಷ್ಠವೋ ಈ ಕಾಲದಲ್ಲಿ ಔಷಧದಿಂದ ಸಂಪೂರ್ಣವಾಗಿ ವಾಸಿಯಾಗುತ್ತದೆ. ನಾವು ಇಲ್ಲಿಂದ ಕಲಿಯತಕ್ಕದ್ದು ಮೂರು ಸಂಗತಿಗಳು. ಮೊದಲನೆಯದು, ಇತರರ ಪ್ರಾಣವನ್ನು ಕಾಯುವದಕ್ಕಾಗಿ ಬಾಗಿಲು ಮುಚ್ಚುವದುಂಟು. ಎರಡನೆಯದು, ಮುಚ್ಚಿದ ಬಾಗಿಲಿಗೆ ಗೊತ್ತುಮಾಡಿದ ದಿವಸವುಂಟು. ಮೂರನೆಯದು, ಮುಚ್ಚಿದವನೇ ನೋಡುವದಕ್ಕೆ ಬರಬೇಕಾದ ಹಂಗುಂಟು. ಈ ಮೂರನ್ನೂ ವೃದ್ಧಾಶ್ರಮಗಳ ವಿಷಯದಲ್ಲಿ ಇಂದು ವಿಚಾರಿಸೋಣ. ಯಾಕಂದರೆ ಅಲ್ಲಿ ಅಂಟುರೋಗ ಬಂದಾಗ, ಮಕ್ಕಳು ತಂದೆತಾಯಿಗಳನ್ನು ನೋಡಬಹುದೋ ನೋಡಬಾರದೋ ಎಂಬ ಪ್ರಶ್ನೆಯು ಅನೇಕರ ಹೃದಯವನ್ನು ಸೀಳಿದೆ.

1. ಬಾಗಿಲನ್ನು ಕಾಯುವದು ಪ್ರೀತಿಯ ಕೆಲಸ

ಹುಲ್ಲಿನ ಗುಡಿಸಲುಗಳ ಸಾಲಿನಲ್ಲಿ ಒಂದಕ್ಕೆ ಕಿಡಿ ತಾಕಿದರೆ ಸಾಲೆಲ್ಲಾ ಉರಿಯುವದನ್ನು ನೀವು ಬಲ್ಲಿರಿ. ವೃದ್ಧಾಶ್ರಮವು ಅಂಥದೇ ಸಾಲು. ಅಲ್ಲಿ ಬಲಗುಂದಿದ ಅನೇಕರು ಒಂದೇ ಸೂರಿನಡಿ ಉಣ್ಣುತ್ತಾರೆ. ಒಬ್ಬರಿಗೆ ಸ್ನಾನ ಮಾಡಿಸಿದ ಕೈಯೇ ಇನ್ನೊಬ್ಬರಿಗೆ ತುತ್ತು ಕೊಡುತ್ತದೆ. 2020ನೇ ವರುಷದಲ್ಲಿ ಕೊರೋನಾ ರೋಗವು ಲೋಕದಲ್ಲೆಲ್ಲಾ ಹಬ್ಬಿದಾಗ ಅಮೇರಿಕ ದೇಶದ ವಾಷಿಂಗ್ಟನ್ ರಾಜ್ಯದ ಕರ್ಕ್‌ಲೆಂಡ್ ಎಂಬ ಪಟ್ಟಣದಲ್ಲಿ ಇಂಥ ಒಂದು ಮನೆಯೊಳಗೆ ಅದು ಹೊಕ್ಕಿತು. ಮಾರ್ಚಿ 18ನೇ ತಾರೀಖಿನೊಳಗೆ ಆ ಮನೆಯ ಸಂಬಂಧವಾಗಿ ರೋಗ ತಗಲಿದವರು 167 ಮಂದಿ. ಅವರಲ್ಲಿ 101 ಮಂದಿ ಅಲ್ಲಿ ವಾಸವಾಗಿದ್ದವರು, 50 ಮಂದಿ ಕೆಲಸದವರು, 16 ಮಂದಿ ನೋಡಲಿಕ್ಕೆ ಬಂದವರು. ರೋಗ ತಗಲಿದ ವಾಸಿಗಳಲ್ಲಿ ಸುಮಾರು ಮೂರರಲ್ಲಿ ಒಬ್ಬರು ತೀರಿಹೋದರು.

ಪ್ರೀತಿಯಿಂದ ಬಂದ ಆ 16 ಮಂದಿಯನ್ನು ನೆನಸಿರಿ. ಪ್ರೀತಿಯು ರೋಗವನ್ನು ತಡೆಯುವ ಗೋಡೆಯಲ್ಲ. ನಮ್ಮ ಕರ್ತನು ಕುಷ್ಠರೋಗಿಯನ್ನು ಮುಟ್ಟಿದನಲ್ಲಾ, ನಾನು ನನ್ನ ತಾಯಿಯನ್ನು ಮುಟ್ಟುವದಕ್ಕೆ ಯಾಕೆ ಅಂಜಬೇಕು ಎಂದು ಕೆಲವರು ಹೇಳುತ್ತಾರೆ. ಪ್ರಿಯರೇ, ಕರ್ತನ ಕೈಯಿಂದ ಆರೋಗ್ಯವು ಹೊರಟು ರೋಗಿಯನ್ನು ಸೇರಿತು. ಕೆಮ್ಮುತ್ತಾ ಬರುವ ನಮ್ಮ ಕೈಯಿಂದಲಾದರೋ ರೋಗವೇ ಹೊರಟು ಆರೋಗ್ಯವಂತಳನ್ನು ಸೇರೀತು. ದೇವಾಲಯದ ಶಿಖರದಿಂದ ಧುಮುಕು, ದೇವದೂತರು ಹಿಡಿಯುವರು ಎಂದು ಸೈತಾನನು ಹೇಳಿದಾಗ ಕರ್ತನು ಧುಮುಕಲಿಲ್ಲ. ನಮ್ಮ ನಂಬಿಕೆಯ ಧೈರ್ಯಕ್ಕೆ ಪಕ್ಕದ ಹಾಸಿಗೆಯ ಮುದುಕಿಯು ಪ್ರಾಣ ತೆರುವದಾದರೆ ಅದು ನಂಬಿಕೆಯಲ್ಲ, ದೇವರನ್ನು ಪರೀಕ್ಷಿಸುವದಾಗಿದೆ.

ಆದದರಿಂದ ನೋಡಲು ಹೋಗುವವನು ಈ ನಿಯಮಗಳನ್ನು ಕೈಕೊಳ್ಳಲಿ. ಜ್ವರ, ಕೆಮ್ಮು, ಗಂಟಲುನೋವು ಇರುವ ದಿವಸ ಹೋಗಬಾರದು. ವಾಂತಿಭೇದಿಯಾದರೆ ಅದು ನಿಂತ ಮೇಲೆಯೂ 48 ತಾಸು ಕಾಯಬೇಕು. ಕೈಗಳನ್ನು ಸಾಬೂನು ನೀರಿನಿಂದ ತೊಳೆಯಬೇಕು. ಯಾಕಂದರೆ ವಾಂತಿಭೇದಿಯನ್ನು ಹಬ್ಬಿಸುವ ನೊರೋವೈರಸ್ ಎಂಬದಕ್ಕೆ ಕೈಗೆ ಹಚ್ಚುವ ಸ್ಪಿರಿಟ್ ಮದ್ದು ಸಾಲದು. ರೋಗಕಾಲದಲ್ಲಿ ಮಾಸ್ಕ್ ಧರಿಸಿ, ಕಿಟಕಿ ತೆರೆದ ಕೋಣೆಯಲ್ಲಿಯಾಗಲಿ ಅಂಗಳದಲ್ಲಿಯಾಗಲಿ ಕೂತುಕೊಳ್ಳಬೇಕು. ವೃದ್ಧರೂ ನೋಡಲು ಬರುವವರೂ ಸಕಾಲದಲ್ಲಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಬಾಗಿಲಲ್ಲಿ ಕೇಳಿದಾಗ ಸತ್ಯ ಹೇಳಬೇಕು. ದೂರದಿಂದ ಬಸ್ಸಿನಲ್ಲಿ ಬಂದೆನು, ತಿರಿಗಿ ಹೋಗಲಾರೆನು ಎಂದು ಕೆಮ್ಮನ್ನು ಮರೆಮಾಡುವವನು ಕೈಯಲ್ಲಿ ಹಣ್ಣಿನ ಚೀಲವನ್ನೂ ಉಸಿರಿನಲ್ಲಿ ಮರಣವನ್ನೂ ತರುವವನಾದಾನು.

ಕೆಲಸದವರ ವಿಷಯವನ್ನೂ ಮರೆಯಬಾರದು. ಕರ್ಕ್‌ಲೆಂಡ್ ಸೀಮೆಯಲ್ಲಿ ವಿಚಾರಿಸಿದಾಗ ಕಂಡುಬಂದದ್ದೇನಂದರೆ, ಕೆಲವರು ರೋಗದ ಲಕ್ಷಣವಿದ್ದರೂ ಕೆಲಸಕ್ಕೆ ಬಂದರು; ಕೆಲವರು ಎರಡು ಮೂರು ಮನೆಗಳಲ್ಲಿ ಕೆಲಸಮಾಡಿ ರೋಗವನ್ನು ಇಲ್ಲಿಂದ ಅಲ್ಲಿಗೆ ಒಯ್ದರು. ಮಲಗಿದ ದಿವಸಕ್ಕೆ ಸಂಬಳವಿಲ್ಲದ ಬಡವಳು ಕೆಮ್ಮನ್ನು ನುಂಗಿಕೊಂಡು ಕೆಲಸಕ್ಕೆ ಬರುವದು ಆಶ್ಚರ್ಯವೋ? ಆಳಿನ ಕೂಲಿಯನ್ನು ತಡೆಹಿಡಿಯಬಾರದೆಂದು ಮೋಶೆಯ ಧರ್ಮಶಾಸ್ತ್ರವು ಆಜ್ಞಾಪಿಸುತ್ತದೆ. ರೋಗಿಯಾದ ದಾದಿಗೆ ರಜೆಯನ್ನೂ ಸಂಬಳವನ್ನೂ ಕೊಡುವದು ಧರ್ಮ ಮಾತ್ರವಲ್ಲ, ವೃದ್ಧರ ಪ್ರಾಣಕ್ಕೆ ಕಾವಲೂ ಆಗಿದೆ.

2. ಮುಚ್ಚಿದ ಬಾಗಿಲಿಗೆ ದಿವಸ ಗೊತ್ತಿರಬೇಕು

ಅಮೇರಿಕದ ಸರಕಾರವು 2020ನೇ ಮಾರ್ಚಿ 13ರಂದು, ಸಾಯುವ ಸ್ಥಿತಿಯಂಥ ಸಮಯಗಳ ಹೊರತು ಇಂಥ ಮನೆಗಳಿಗೆ ಯಾರೂ ನೋಡಲು ಬರಬಾರದೆಂದು ಹೇಳಿತು. ಮಾರ್ಚಿ 20ರಂದು ನೆದರ್ಲೆಂಡ್ಸ್ ದೇಶವೂ ಬಾಗಿಲು ಹಾಕಿತು. ಆ ದಿವಸಗಳಲ್ಲಿ ಚುಚ್ಚುಮದ್ದು ಇರಲಿಲ್ಲ. ಪರೀಕ್ಷೆಯ ಸಾಧನಗಳು ಸಾಲದೆ ಇದ್ದವು. ಬೆಂಕಿ ಬಿದ್ದಾಗ ಮೊದಲು ಕದವಿಕ್ಕಿದವರನ್ನು ನಾವು ದೂರಬಾರದು. ಆದರೆ ದಿವಸಗಳು ವಾರಗಳಾದವು, ವಾರಗಳು ತಿಂಗಳುಗಳಾದವು. ನೆನಪು ಮಾಸಿದ ಮುದುಕಿಗೆ ಮಗಳ ಕೈತುತ್ತೇ ಊಟವಾಗಿತ್ತು. ಆ ಕೈ ನಿಂತಾಗ ಅವಳು ತಟ್ಟೆಯನ್ನು ಸರಿಸಿದಳು. ಗಾಜಿನ ಆಚೆ ನಿಂತು ಕೈಬೀಸುವ ಮಗನು ಒಳಗೆ ಯಾಕೆ ಬಾರನೆಂಬದು ಮುದುಕನಿಗೆ ತಿಳಿಯದೆ ಹೋಯಿತು. ರೋಗವು ತಾಕದೆ ಇದ್ದವರೂ ಒಂಟಿತನದಿಂದ ಕುಂದಿದರು. ಪ್ರಾಣವನ್ನು ಕಾಯುವದಕ್ಕಾಗಿ ಹಾಕಿದ ಬೀಗವು, ಆ ಪ್ರಾಣವು ಯಾವದಕ್ಕಾಗಿ ಮಿಡಿಯುತ್ತಿತ್ತೋ ಅದನ್ನೇ ಹೊರಗಿಟ್ಟಿತು.

ಈಗ ಯಾಜಕಕಾಂಡದ ಏಳನೆಯ ದಿವಸವನ್ನು ನೆನಪಿಗೆ ತಂದುಕೊಳ್ಳಿರಿ. ಇಂಥ ದಿವಸ ತಿರಿಗಿ ನೋಡುವೆನೆಂದು ಹೇಳದೆ ಯಾಜಕನು ಯಾರನ್ನೂ ಒಳಗಿಡಲಿಲ್ಲ. ನೆದರ್ಲೆಂಡ್ಸ್‌ನಲ್ಲಿ ಅಂಥ ದಿವಸವು ಬಂತು. 2020ನೇ ಮೇ 11ರಿಂದ ಅಲ್ಲಿ 26 ಮನೆಗಳಲ್ಲಿ ಮಾತ್ರ ಬಾಗಿಲು ತೆರೆದು, ಪ್ರತಿಯೊಬ್ಬ ವೃದ್ಧನಿಗೆ ಗೊತ್ತುಮಾಡಿದ ಒಬ್ಬನೇ ಬಂಧುವು ನಿಯಮಗಳಿಗೆ ಒಳಪಟ್ಟು ಬರುವಂತೆ ಮಾಡಿ, ಏನಾಗುವದೆಂದು ಪಂಡಿತರು ನೋಡಿದರು. ಬಂದವರು ನಿಯಮಗಳನ್ನು ಸಾಕಷ್ಟು ಚೆನ್ನಾಗಿ ಪಾಲಿಸಿದರು. ನೋಡಿದ ಆ ಕಾಲದಲ್ಲಿ ಆ ಮನೆಗಳಿಂದ ಹೊಸ ಸೋಂಕಿನ ವರ್ತಮಾನ ಬರಲಿಲ್ಲ. ಮುಖಾಮುಖಿಯಾದ ಭೇಟಿಯ ಬೆಲೆಯನ್ನು ಎಲ್ಲಾ ಮನೆಗಳವರೂ ಕಂಡುಕೊಂಡರು. ಆಸ್ಟ್ರೇಲಿಯದಲ್ಲಿ ಆ ವರುಷ ಈ ರೋಗದಿಂದ ಸತ್ತವರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಇಂಥ ಮನೆಗಳ ವೃದ್ಧರು. ಅಲ್ಲಿನ ರಾಜಕೀಯ ವಿಚಾರಣಾ ಮಂಡಲಿಯು ಅಕ್ಟೋಬರ್ 1ರಂದು ಪ್ರಕಟಿಸಿದ ವರದಿಯಲ್ಲಿ ಸೋಂಕು ತಡೆಯುವದರಲ್ಲಿ ನಿಪುಣರಾದವರನ್ನು ಈ ಮನೆಗಳಲ್ಲಿ ನೇಮಿಸಬೇಕೆಂದೂ, ಬಂಧುಗಳ ಭೇಟಿಯು ಹೆಚ್ಚುವಂತೆ ಬೇಕಾದಷ್ಟು ಕೆಲಸದವರಿಗಾಗಿ ಸರಕಾರವು ಹಣ ಕೊಡಬೇಕೆಂದೂ ಹೇಳಿತು. ಕಾವಲೂ ಭೇಟಿಯೂ ಒಂದಕ್ಕೊಂದು ಶತ್ರುಗಳಲ್ಲವೆಂದು ಆ ಮಂಡಲಿಯು ಕಂಡುಕೊಂಡಿತು. ಇಂಗ್ಲೆಂಡಿನಲ್ಲಿಯೂ 2024ನೇ ಏಪ್ರಿಲ್ 6ರಿಂದ, ವಿಶೇಷ ಕಾರಣವಿದ್ದ ಹೊರತು ವೃದ್ಧರು ತಮ್ಮವರ ಭೇಟಿಯನ್ನು ಹೊಂದತಕ್ಕದ್ದೆಂಬದು ಕಾನೂನಿನ ನಿಯಮವಾಗಿದೆ.

ಹಾಗಾದರೆ ಮನೆಯ ಮೇಲ್ವಿಚಾರಕರು ಏನು ಮಾಡತಕ್ಕದ್ದು? ಮೂರು ದಿವಸಗಳೊಳಗೆ ಇಬ್ಬರು ವೃದ್ಧರಿಗೆ ಒಂದೇ ತರದ ಜ್ವರ ಕೆಮ್ಮು ಕಂಡರೆ, ರೋಗವು ಹರಡುತ್ತಿದೆಯೆಂದು ಎಣಿಸಿ ವೈದ್ಯರಿಗೂ ಆರೋಗ್ಯ ಇಲಾಖೆಗೂ ತಿಳಿಸಲಿ. ಮುದುಕರಲ್ಲಿ ಜ್ವರವು ಕಾಣಿಸದೆಯೂ ರೋಗವಿರಬಹುದು. ಒಮ್ಮೆಲೇ ಬುದ್ಧಿ ಗಲಿಬಿಲಿಯಾಗುವದು, ಊಟ ಸೇರದಿರುವದು, ಜಾರಿಬೀಳುವದು, ಇವುಗಳೇ ಮೊದಲನೆಯ ಗುರುತಾಗಬಹುದು. ರೋಗವುಳ್ಳ ಭಾಗವನ್ನು ಬೇರೆಮಾಡಿ ಅಲ್ಲಿಗೆ ಬೇರೆ ದಾದಿಯರನ್ನು ಇಡಲಿ. ಒಂದು ಕೋಣೆಯ ರೋಗಕ್ಕಾಗಿ ಇಡೀ ಮನೆಗೆ ಬೀಗ ಹಾಕದಿರಲಿ. ಯಾವ ದಿವಸ ಈ ನಿರ್ಣಯವನ್ನು ತಿರಿಗಿ ವಿಚಾರಿಸುವೆವೆಂದು ಬಾಗಿಲಿನ ಮೇಲೆ ಬರೆಯಲಿ. ದಿವಸ ಬರೆಯದ ಬಾಗಿಲು ಸೆರೆಮನೆಯ ಬಾಗಿಲಿಗೆ ಸಮಾನ.

3. ಮುಚ್ಚಿದವನೇ ನೋಡಲು ಬರಬೇಕು

ಯಾಜಕನು ಪಾಳೆಯದೊಳಗೆ ಸುಖವಾಗಿ ಕೂತುಕೊಂಡು ರೋಗಿಯನ್ನು ಕರೆಕಳುಹಿಸಲಿಲ್ಲ. ತಾನೇ ಪಾಳೆಯದ ಹೊರಕ್ಕೆ ಹೋಗಿ ನೋಡತಕ್ಕದ್ದೆಂದು ಮುಂದಿನ ಅಧ್ಯಾಯದಲ್ಲಿ ಬರೆದದೆ. ಬಾಗಿಲು ಮುಚ್ಚಿದ ಕಾಲದಲ್ಲಿ ನೋಡುವ ಹಂಗು ಕಡಿಮೆಯಾಗುವದಿಲ್ಲ, ಇಮ್ಮಡಿಯಾಗುತ್ತದೆ. ಮೊದಲು ಮಗಳು ಕಂಡು ಹೇಳುತ್ತಿದ್ದ ಹಾಸಿಗೆಹುಣ್ಣನ್ನು ಈಗ ದಾದಿಯೇ ಕಾಣಬೇಕು. ಮಗನು ಕುಡಿಸುತ್ತಿದ್ದ ನೀರನ್ನು ಈಗ ಅವಳೇ ಕುಡಿಸಬೇಕು.

ಹೊರಗಿರುವವರಿಗೆ ವರ್ತಮಾನ ಮುಟ್ಟಿಸುವದೂ ಈ ಹಂಗಿಗೆ ಸೇರಿದೆ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯಲ್ಲಿ ಎಪಫ್ರೊದೀತನೆಂಬವನ ಮಾತು ಇದೆ. ಅವನು ದೂರದಲ್ಲಿ ರೋಗದಿಂದ ಸಾಯುವ ಹಾಗಿದ್ದನು. ಆದರೂ ತನ್ನ ರೋಗದ ಸುದ್ದಿಯು ಊರಿನವರಿಗೆ ಮುಟ್ಟಿತಲ್ಲಾ, ಅವರು ಎಷ್ಟು ಕಳವಳಪಡುತ್ತಾರೋ ಎಂಬದೇ ಅವನ ವ್ಯಥೆಯಾಗಿತ್ತು. ಅರ್ಧ ಸುದ್ದಿಯು ರೋಗಕ್ಕಿಂತ ಹೆಚ್ಚಾಗಿ ಸುಡುತ್ತದೆ. ಆದದರಿಂದ ಪೌಲನು ಪತ್ರವನ್ನು ಮಾತ್ರವಲ್ಲ, ವಾಸಿಯಾದ ಅವನನ್ನೇ ಕಳುಹಿಸಿದನು. ದಿನಕ್ಕೊಂದು ಸಾರಿ, ಗೊತ್ತಾದ ಹೊತ್ತಿಗೆ, ಒಬ್ಬರೇ ಫೋನಿನಲ್ಲಿ ಸತ್ಯವಾದ ಸುದ್ದಿ ಹೇಳುವದಾದರೆ ಎಷ್ಟೋ ಕುಟುಂಬಗಳು ರಾತ್ರಿ ನಿದ್ರೆಮಾಡುವವು.

ಆದರೂ ಫೋನು ಮುಖವಲ್ಲ. ಯೋಹಾನನು ತನ್ನ ಎರಡನೆಯ ಪತ್ರಿಕೆಯ ಕೊನೆಯಲ್ಲಿ, ಬರೆಯತಕ್ಕದ್ದು ಬಹಳವಿದ್ದರೂ ಕಾಗದ ಮಸಿಯಿಂದ ಅದನ್ನು ಮುಗಿಸಲೊಲ್ಲದೆ, ಬಂದು ಎದುರಾಗಿ ಮಾತಾಡುವ ನಿರೀಕ್ಷೆಯನ್ನು ತಿಳಿಸುತ್ತಾನೆ. ವೃದ್ಧನಾದ ಪೌಲನೂ ಸೆರೆಯಲ್ಲಿದ್ದುಕೊಂಡು, ಚಳಿಗಾಲಕ್ಕೆ ಮುಂಚೆ ಬಾ ಎಂಬದಾಗಿ ತಿಮೊಥೆಯನನ್ನು ಬೇಡಿಕೊಂಡನು. ಅವರಿಬ್ಬರೂ ದೇವರ ಸಂಗಡ ಎಡೆಬಿಡದೆ ಮಾತಾಡುತ್ತಿದ್ದವರು. ಆದರೂ ಮನುಷ್ಯನ ಮುಖವನ್ನು ಬಯಸಿದರು. ಹಾಗಿದ್ದರೆ ನಮ್ಮ ಮುದುಕರಿಗೆ ಪ್ರಾರ್ಥನೆಯೊಂದೇ ಸಾಕೆಂದು ನಾವು ಹೇಳಬಹುದೋ? ವಿಶೇಷವಾಗಿ ಸಾಯುವವರ ಬಳಿಯಿಂದ ಯಾರನ್ನೂ ದೂರಮಾಡಬಾರದು. ಮಾಸ್ಕ್, ಅಂಗಿ, ಕೈಚೀಲ ಎಲ್ಲವನ್ನೂ ತೊಡಿಸಿ, ಒಬ್ಬರನ್ನಾದರೂ ಒಳಗೆ ಬಿಡಲಿ. ರೋಗಕ್ಕೆ ಎರಡನೆಯ ವಾರವುಂಟು. ಆ ಕೊನೆಯ ಗಳಿಗೆಗೆ ಎರಡನೆಯದಿಲ್ಲ.

ಪ್ರಿಯರೇ, ನಿಮ್ಮ ತಂದೆಯೋ ತಾಯಿಯೋ ಇಂಥ ಮನೆಯಲ್ಲಿದ್ದರೆ, ರೋಗವು ಬರುವ ಮೊದಲೇ ಹೋಗಿ ಮೇಲ್ವಿಚಾರಕರನ್ನು ನಾಲ್ಕು ಮಾತು ಕೇಳಿರಿ. ಬಾಗಿಲು ಮುಚ್ಚಿದಾಗಲೂ ಬರಬಹುದಾದ ಒಬ್ಬನು ಯಾರು? ಸುದ್ದಿ ಹೇಳುವವರು ಯಾರು, ಯಾವ ಹೊತ್ತಿಗೆ? ಎಷ್ಟು ದಿವಸಕ್ಕೊಮ್ಮೆ ತಿರಿಗಿ ವಿಚಾರಿಸುತ್ತೀರಿ? ಸಾಯುವ ಹೊತ್ತಿನಲ್ಲಿ ನಮ್ಮನ್ನು ಬಿಡುವಿರೋ? ಕಲಹಕ್ಕಾಗಿ ಅಲ್ಲ, ವಿನಯದಿಂದ ಕೇಳಿರಿ. ಉತ್ತರವನ್ನು ಬರೆದಿಟ್ಟುಕೊಳ್ಳಿರಿ. ಆ ಒಬ್ಬನು ನೀವಲ್ಲದೆ ನಿಮ್ಮ ಅಣ್ಣನೋ ತಂಗಿಯೋ ಆದರೆ ಹೊಟ್ಟೆಕಿಚ್ಚು ಪಡಬೇಡಿರಿ. ಅವರ ಕೈಯಲ್ಲಿ ನಿಮ್ಮ ಪ್ರೀತಿಯನ್ನು ಕಳುಹಿಸಿರಿ.

ಹಳ್ಳಿಗಳಲ್ಲಿರುವ ನಮ್ಮೊಳಗೆ ಹೆಚ್ಚು ಮಂದಿ ಹಿರಿಯರು ಆಶ್ರಮದಲ್ಲಲ್ಲ, ಹಿತ್ತಲ ಕೋಣೆಯಲ್ಲಿದ್ದಾರೆ. ಅಜ್ಜಿಗೆ ಜ್ವರ ಬಂದರೆ ಅವಳ ತಟ್ಟೆಲೋಟವನ್ನು ಬೇರೆ ಇಡಿರಿ, ಕೂಸನ್ನು ದೂರವಿಡಿರಿ. ಆದರೆ ಬಾಗಿಲ ಬಳಿ ಮಣೆ ಹಾಕಿ ಕೂತು ಅವಳ ಸಂಗಡ ಮಾತಾಡಿರಿ. ರೋಗವು ತೀರಿದ ಮೇಲೆಯೂ ಅವಳ ತಟ್ಟೆಯು ಬೇರೆಯಾಗಿಯೇ ಉಳಿದರೆ ಅದು ಜಾಗ್ರತೆಯಲ್ಲ, ತಿರಸ್ಕಾರ. ಯಾವ ರೋಗವೂ ಇಲ್ಲದ ಕಾಲದಲ್ಲಿಯೂ ಯಾರೂ ತುಳಿಯದ ಕೋಣೆಗಳು ನಮ್ಮ ಮನೆಗಳಲ್ಲಿ ಇಲ್ಲವೇ? ಬಾಗಿಲು ತೆರೆದಿರುವಾಗ ಹೋಗದವನು, ಅದು ಮುಚ್ಚಿದಾಗ ಅಳುವದಕ್ಕೆ ಯಾವ ಬಾಯಿಂದ ಬರುವನು?

ಪ್ರಾರ್ಥಿಸೋಣ. ನಮ್ಮ ನರೆಗೂದಲಿನ ವರೆಗೂ ನಮ್ಮನ್ನು ಹೊರುವ ಕರ್ತನೇ, ಬಾಗಿಲು ಕಾಯುವವರಿಗೆ ವಿವೇಕವನ್ನೂ, ಹೊರಗೆ ಕಾದಿರುವವರಿಗೆ ತಾಳ್ಮೆಯನ್ನೂ, ಒಳಗೆ ಒಂಟಿಯಾಗಿರುವವರಿಗೆ ನಿನ್ನ ಸಮ್ಮುಖವನ್ನೂ ದಯಪಾಲಿಸು. ಮುಚ್ಚಬೇಕಾದದ್ದನ್ನು ಮುಚ್ಚುವದಕ್ಕೂ ಗೊತ್ತಾದ ದಿವಸದಲ್ಲಿ ತಿರಿಗಿ ತೆರೆಯುವದಕ್ಕೂ ನಮಗೆ ಕಲಿಸು. ಆಮೆನ್.