ಹೊರಟುಬಿಡುವುದು ಎಂದರೆ ಓಡಿಹೋಗುವುದೇ?

ಶುಕ್ರವಾರ ಸಂಜೆ ಬೆಂಗಳೂರಿನ ಯಾವುದೋ ವಾಟ್ಸಾಪ್ ಗುಂಪಿನಲ್ಲಿ ‘ನಾಳೆ ಬೆಳಿಗ್ಗೆ ಸಕಲೇಶಪುರ, ಯಾರ್ಯಾರು ಬರ್ತೀರಿ?’ ಎಂಬ ಸಂದೇಶ ಬೀಳುತ್ತದೆ. ಆರು ತಿಂಗಳಿಂದ ಚರ್ಚೆಯಲ್ಲಿರುವ ಗೋವಾ ಪ್ರವಾಸ ಚರ್ಚೆಯಲ್ಲೇ ಉಳಿದಿರುತ್ತದೆ. ಹತ್ತು ನಿಮಿಷದಲ್ಲಿ ತೀರ್ಮಾನವಾದ ಈ ಪ್ರಯಾಣ ಮಾತ್ರ ನಡೆದುಬಿಡುತ್ತದೆ. ಬೆಳಕು ಹರಿಯುವ ಮುನ್ನ ನೆಲಮಂಗಲ ದಾಟಿ, ದಾರಿಯಲ್ಲಿ ತಟ್ಟೆ ಇಡ್ಲಿ ತಿಂದು, ಹಾಸನ ಮುಟ್ಟುವ ಹೊತ್ತಿಗೆ ವಾರವಿಡೀ ಹೆಗಲ ಮೇಲಿದ್ದದ್ದು ಯಾವುದೋ ಕೆಳಗಿಳಿದಂತೆ ಅನಿಸುತ್ತದೆ.

ಇಂಥ ಪ್ರಯಾಣವನ್ನು ಕೆಲವರು ಜವಾಬ್ದಾರಿಯಿಂದ ತಪ್ಪಿಸಿಕೊಳ್ಳುವುದು ಎನ್ನುತ್ತಾರೆ. ಹೋಗುವವರು ‘ರೀಚಾರ್ಜ್ ಆಗೋಕೆ’ ಎಂದು ಸಮಜಾಯಿಷಿ ಕೊಡುತ್ತಾರೆ. ಎರಡೂ ಮಾತಿನ ಒಳಗೆ ಇರುವ ನಂಬಿಕೆ ಒಂದೇ: ಬದುಕಿನ ನಡುಮನೆಯಲ್ಲಿ ಕೂತಿರುವುದು ಕೆಲಸ, ಬಿಡುವು ಅದಕ್ಕೆ ಲೆಕ್ಕ ಒಪ್ಪಿಸಬೇಕು. ಮೊದಲನೆಯವರ ಪ್ರಕಾರ ಬಿಡುವು ಕೆಲಸದಿಂದ ಕದ್ದದ್ದು. ಎರಡನೆಯವರ ಪ್ರಕಾರ ಕೆಲಸಕ್ಕಾಗಿ ತುಂಬಿಸಿಕೊಂಡದ್ದು. ಆದರೆ ಫೋನನ್ನು ಚಾರ್ಜಿಗೆ ಹಾಕುವುದು ಫೋನಿನ ಸುಖಕ್ಕಲ್ಲ, ಅದನ್ನು ಬಳಸುವವರ ಅನುಕೂಲಕ್ಕೆ. ನಮ್ಮ ಬಗ್ಗೆ ನಾವೇ ಹಾಗೆ ಹೇಳಿಕೊಳ್ಳುವಾಗ ನಮ್ಮನ್ನು ಬಳಸುವವರು ಯಾರು ಎಂದು ಕೇಳಿಕೊಳ್ಳುವುದಿಲ್ಲ.

ಅರಿಸ್ಟಾಟಲ್ ಈ ಗೊಂದಲವನ್ನು ಬಹಳ ಹಿಂದೆಯೇ ಬಿಡಿಸಲು ನೋಡಿದ್ದ. ದಣಿವಾರಿಸಿಕೊಂಡು ಮತ್ತೆ ದುಡಿಯಲು ಬೇಕಾದ ವಿನೋದ ಬೇರೆ, ಬಿಡುವು ಬೇರೆ ಎನ್ನುವುದು ಅವನ ವಾದ. ವಿನೋದ ಒಂದು ಬಗೆಯ ಔಷಧ; ಬಿಡುವಾದರೋ ನಾವು ದುಡಿಯುವುದಕ್ಕೇ ಕಾರಣವಾಗಿರುವ ಗುರಿ. ಗ್ರೀಕರು ಬಿಡುವನ್ನು ‘ಸ್ಖೋಲೆ’ ಎನ್ನುತ್ತಿದ್ದರು. ನಮ್ಮ ಬಾಯಲ್ಲಿರುವ ‘ಸ್ಕೂಲು’ ಹುಟ್ಟಿದ್ದು ಆ ಪದದಿಂದಲೇ. ಪರೀಕ್ಷೆಯ ಒತ್ತಡದಲ್ಲಿರುವ ವಿದ್ಯಾರ್ಥಿಗಳಿಗೆ ಇದು ಕುಹಕದಂತೆ ಕೇಳಿಸಬಹುದು.

ಹಾಗಾದರೆ ಸ್ನೇಹಿತರೊಂದಿಗೆ ಹಠಾತ್ತನೆ ಹೊರಟ ಎರಡು ದಿನ ಔಷಧವೋ, ಬಿಡುವೋ? ಎಷ್ಟು ದೂರ ಹೋದೆವು ಎಂಬುದರಿಂದ ಇದು ತಿಳಿಯುವುದಿಲ್ಲ. ಇಪ್ಪತ್ತು ಜಾಗಗಳ ಪಟ್ಟಿ ಹಿಡಿದು, ಪ್ರತಿಯೊಂದರಲ್ಲೂ ಫೋಟೊ ತೆಗೆದು, ಗಡಿಯಾರ ನೋಡುತ್ತ ಮುಂದಕ್ಕೆ ಓಡಿದರೆ ಕಚೇರಿಯೇ ನಮ್ಮ ಜೊತೆ ಘಟ್ಟ ಹತ್ತಿದೆ ಎಂದರ್ಥ. ಸ್ನೇಹಿತರ ನಡುವೆ ಮಾತ್ರ ಬೇರೊಂದು ಸಾಧ್ಯತೆ ಇದೆ. ಅಲ್ಲಿ ನಾವು ಯಾರಿಗೂ ಉಪಯೋಗಕ್ಕೆ ಬರಬೇಕಾಗಿಲ್ಲ. ಹಳೆಯ ಜೋಕಿಗೆ ಮತ್ತೆ ನಗುವುದು, ಮಳೆಗೆ ಸಿಕ್ಕಿ ಅಂಗಡಿಯ ಸೂರಿನಡಿ ಅರ್ಧ ಗಂಟೆ ಸುಮ್ಮನೆ ನಿಲ್ಲುವುದು, ರಾತ್ರಿ ಹನ್ನೆರಡರ ಮೇಲೆ ಒಬ್ಬ ಮೆಲ್ಲಗೆ ‘ನನಗೆ ಈ ಕೆಲಸ ಆಗ್ತಿಲ್ಲ ಕಣ್ರೋ’ ಎನ್ನುವುದು. ಇವು ಯೋಜಿಸಿದರೆ ಆಗುವಂಥವಲ್ಲ. ಜೊತೆಯಲ್ಲಿ ಉಪ್ಪು ತಿನ್ನದೆ ಇಬ್ಬರು ಪರಸ್ಪರ ಅರಿಯಲಾರರು ಎಂಬ ಗಾದೆಯನ್ನು ಅರಿಸ್ಟಾಟಲ್ ಸ್ನೇಹದ ಬಗ್ಗೆ ಬರೆಯುವಾಗ ನೆನೆಯುತ್ತಾನೆ.

ಆ ಮಧ್ಯರಾತ್ರಿಯ ಮಾತಿನ ಬಳಿ ಸ್ವಲ್ಪ ನಿಲ್ಲಬೇಕು. ಒತ್ತಡವನ್ನು ನಾವು ಸ್ವಂತ ಕಾಯಿಲೆಯೆಂದು ತಿಳಿದು, ಸ್ವಂತ ದುಡ್ಡಿನಲ್ಲಿ ಬೆಟ್ಟ ಹತ್ತಿ ವಾಸಿ ಮಾಡಿಕೊಳ್ಳುತ್ತೇವೆ. ಸಹಿಸಲಾಗದ ಕೆಲಸವನ್ನು ಇನ್ನೊಂದು ತಿಂಗಳು ಸಹಿಸುವಂತೆ ಮಾಡುವುದಷ್ಟೇ ಪ್ರವಾಸದ ಫಲವಾದರೆ, ಅದರಿಂದ ಲಾಭ ಯಾರಿಗೆ? ದುಡಿಮೆಗೆ ಎಲ್ಲೆಯೇ ಇರಬಾರದೆನ್ನುವವರು ಕಾಯಕದ ಹೆಸರು ಹೇಳುವುದುಂಟು. ಆಯ್ದಕ್ಕಿ ಲಕ್ಕಮ್ಮನ ಕತೆಯನ್ನು ಅವರು ಮರೆತಿರುತ್ತಾರೆ. ಗಂಡ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ಆಕೆ ಹಿಂದಕ್ಕೆ ಕಳಿಸಿದಳು. ಸಾಕು ಎನ್ನುವುದು ಕೂಡ ಕಾಯಕದ ಒಂದು ಭಾಗ ಎಂದು ಆಕೆಗೆ ಗೊತ್ತಿತ್ತು.

ಇನ್ನೊಂದು ಮುಜುಗರದ ಪ್ರಶ್ನೆಯೂ ಇದೆ. ಅರಿಸ್ಟಾಟಲ್ ಹೊಗಳಿದ ಬಿಡುವಿನ ಬೆನ್ನ ಹಿಂದೆ ಗುಲಾಮರ ದುಡಿಮೆಯಿತ್ತು. ನಾವು ಹೋಂಸ್ಟೇ ಜಗುಲಿಯಲ್ಲಿ ಕಾಲು ಚಾಚಿ ಕೂತಾಗ ಅಕ್ಕಿರೊಟ್ಟಿ ತಟ್ಟುತ್ತಿರುವ ಹೆಂಗಸಿಗೆ ಅಂದು ಭಾನುವಾರ ಅಲ್ಲವೇ? ಬಾಡಿಗೆ ಕಾರಿನ ಚಾಲಕ ಎಷ್ಟು ಹೊತ್ತು ನಿದ್ದೆ ಮಾಡಿದ? 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದ ಹಾದಿಯಲ್ಲಿ ಜನಜಾತ್ರೆಯೇ ಸೇರಿತು. ಆಮೇಲೆ ಅಲ್ಲಿ ಚಾರಣಕ್ಕೆ ತಡೆ ಬಂತು, ಮುಂಗಡ ನೋಂದಣಿ ಬಂತು. ನಮ್ಮ ಹಗುರವಾದ ಎರಡು ದಿನ ಇನ್ನೊಬ್ಬರ ಮೇಲೆ, ಒಂದು ಕಾಡಿನ ಮೇಲೆ ಭಾರವಾಗಬಲ್ಲದು. ಹೀಗೆಂದು ಹೋಗುವುದನ್ನೇ ಬಿಡಬೇಕಿಲ್ಲ. ಊಟಕ್ಕೆ ಮೊದಲೇ ಹೇಳುವುದು, ಚಾಲಕನಿಗೂ ಮಲಗಲು ಜಾಗ ಕೇಳುವುದು, ಜನ ಹೆಚ್ಚಿರುವ ಬೆಟ್ಟ ಬಿಟ್ಟು ಒಬ್ಬ ಗೆಳೆಯನ ಊರಿನ ಕೆರೆಯ ಏರಿಗೆ ಹೋಗುವುದು, ಇಷ್ಟಾದರೂ ನಮ್ಮ ಕೈಯಲ್ಲಿದೆ.

ನಾವು ನಿಸರ್ಗದತ್ತವೆಂದು ತಿಳಿದಿರುವ ಭಾನುವಾರದ ರಜೆಯೂ ತಾನಾಗಿ ಬಂದದ್ದಲ್ಲ. ಮುಂಬೈನ ಗಿರಣಿ ಕಾರ್ಮಿಕರಿಗೆ ಅದು ದಕ್ಕಿದ್ದು 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಹೋರಾಡಿದ ಮೇಲೆ. 1948ರ ಕಾರ್ಖಾನೆ ಕಾಯ್ದೆ ವಾರದ ದುಡಿಮೆಗೆ 48 ಗಂಟೆಯ ಮಿತಿ ಹಾಕಿತು. 2023ರಲ್ಲಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂಬ ಮಾತು ಬೆಂಗಳೂರಿನ ಉದ್ಯಮಿಯೊಬ್ಬರ ಬಾಯಿಂದಲೇ ಬಂತು. ದಣಿದವರು ಒಬ್ಬೊಬ್ಬರಾಗಿ ಬೆಟ್ಟ ಹತ್ತಿ ಇಳಿದರೆ ಇಂಥ ಮಾತಿಗೆ ಉತ್ತರ ಸಿಗುವುದಿಲ್ಲ. ಆದರೆ ನಾಲ್ವರು ಸ್ನೇಹಿತರು ಒಂದೇ ಕಾರಿನಲ್ಲಿ ಮರಳುತ್ತ, ತಮ್ಮೆಲ್ಲರ ದಣಿವು ಒಂದೇ ಎಂದು ಕಂಡುಕೊಂಡಿದ್ದರೆ, ಆ ಪ್ರಯಾಣವನ್ನು ಪಲಾಯನ ಎನ್ನಲು ನನಗೆ ಮನಸ್ಸಾಗುವುದಿಲ್ಲ.